ಒಂದೇ ಹೊಲ, ಇಪ್ಪತ್ತೈದು ಚಿತ್ರ

ಶಾಲೆಗೆ ಹೋಗುವ ಯಾವುದೇ ಮಗುವಿಗೆ ಒಂದು ಬಿಳಿ ಹಾಳೆ ಕೊಟ್ಟು ‘ನಿಸರ್ಗ ದೃಶ್ಯ ಬಿಡಿಸು’ ಎಂದು ಹೇಳಿ ನೋಡಿ. ಎರಡು ತ್ರಿಕೋನದ ಗುಡ್ಡಗಳು, ನಡುವೆ ಹುಟ್ಟುವ ಸೂರ್ಯ, ಕೆಳಗೆ ಹರಿದು ಬರುವ ಹೊಳೆ, ದಡದಲ್ಲೊಂದು ಹೆಂಚಿನ ಮನೆ, ಅದರ ಪಕ್ಕದಲ್ಲಿ ಬಾಗಿದ ತೆಂಗಿನ ಮರ. ಬೀದರಿನ ಮಗುವೂ ಇದನ್ನೇ ಬಿಡಿಸುತ್ತದೆ, ಮಡಿಕೇರಿಯ ಮಗುವೂ ಇದನ್ನೇ ಬಿಡಿಸುತ್ತದೆ. ಚಿತ್ರ ಅಂದವಾಗಿಯೇ ಇರುತ್ತದೆ. ಆದರೆ ಅದು ಯಾವ ತಿಂಗಳ ಚಿತ್ರ ಎಂದು ಕೇಳಿದರೆ ಉತ್ತರವಿಲ್ಲ. ಅಲ್ಲಿ ಎಲೆ ಸದಾ ಹಸಿರು, ಆಕಾಶ ಸದಾ ನೀಲಿ, ನೆರಳು ಸದಾ ಕಪ್ಪು. ಅದು ಕಣ್ಣಾರೆ ಕಂಡು ಬರೆದ ಚಿತ್ರವಲ್ಲ, ಯಾರೋ ಬರೆದದ್ದನ್ನು ನೋಡಿ ಕಲಿತ ಚಿತ್ರ.

ಕಂಡು ಬರೆಯುವುದೆಂದರೆ ಏನು ಎಂದು ತಿಳಿಯಲು ಫ್ರಾನ್ಸಿನ ಕ್ಲಾಡ್ ಮೋನೆಯ ಬದುಕು ಒಂದು ಒಳ್ಳೆಯ ಪಾಠ. ಈತ 1840ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ, 1926ರಲ್ಲಿ ತನ್ನ 86ನೆಯ ವಯಸ್ಸಿನಲ್ಲಿ ತೀರಿಕೊಂಡ. ಸುಮಾರು ಆರು ದಶಕಗಳ ಕಾಲ ಈತ ಮಾಡಿದ ಮುಖ್ಯ ಕೆಲಸ ಒಂದೇ: ಬಯಲಿನಲ್ಲಿ ನಿಂತು, ಋತುವಿನಿಂದ ಋತುವಿಗೆ ಬೆಳಕು ಹೇಗೆ ಬದಲಾಗುತ್ತದೆ ಎಂದು ನೋಡುವುದು, ನೋಡಿದ್ದನ್ನು ಬಣ್ಣದಲ್ಲಿ ಹಿಡಿಯುವುದು.

ಆತನ ಕಾಲಕ್ಕೆ ಇದು ಸಾಧ್ಯವಾದದ್ದರ ಹಿಂದೆ ಒಂದು ಸಣ್ಣ ಆವಿಷ್ಕಾರವೂ ಇದೆ. ಹಿಂದೆ ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಅರೆದು, ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿ ತೆರೆದರೆ ಬಣ್ಣ ಬೇಗ ಗಟ್ಟಿಯಾಗುತ್ತಿತ್ತು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬನ್ನು ಕಂಡುಹಿಡಿದ. ಇಂದು ನಾವು ಹಲ್ಲುಜ್ಜುವ ಪೇಸ್ಟನ್ನು ಒತ್ತಿ ತೆಗೆಯುವ ಹಾಗೆ ಬಣ್ಣವನ್ನು ತೆಗೆದು, ಮತ್ತೆ ಮುಚ್ಚಳ ತಿರುಗಿಸಿ ಇಡಬಹುದಾಯಿತು. ಹೊಲಕ್ಕೋ ನದಿಯ ದಡಕ್ಕೋ ಬಣ್ಣಗಳನ್ನು ಹೊತ್ತೊಯ್ಯುವುದು ಸುಲಭವಾಯಿತು.

ಬಿಳಿ ಹಿಮ, ನೀಲಿ ನೆರಳು

1868-69ರ ಚಳಿಗಾಲದಲ್ಲಿ, ಉತ್ತರ ಫ್ರಾನ್ಸಿನ ಕಡಲತೀರದ ಎತ್ರೆತಾ ಎಂಬ ಊರಿನ ಬಳಿ ಮೋನೆ ‘ಮ್ಯಾಗ್‌ಪೈ’ ಎಂಬ ಚಿತ್ರ ಬರೆದ. ಹಿಮ ಮುಚ್ಚಿದ ಹಿತ್ತಲು, ಕಡ್ಡಿಯ ಬೇಲಿ, ಅದರ ಪಡಿಯ ಮೇಲೆ ಕುಳಿತ ಒಂದು ಕಪ್ಪು-ಬಿಳಿ ಹಕ್ಕಿ. ಇಷ್ಟೇ ವಸ್ತು. ಆದರೆ ಹಿಮದ ಮೇಲೆ ಬಿದ್ದ ಬೇಲಿಯ ನೆರಳನ್ನು ಆತ ಕಪ್ಪಾಗಿ ಬರೆಯಲಿಲ್ಲ, ನೀಲಿಯಾಗಿ ಬರೆದ. 1869ರ ಪ್ಯಾರಿಸ್ ಸಲೋನ್ ಎಂಬ ಸರ್ಕಾರಿ ಪ್ರದರ್ಶನದ ತೀರ್ಪುಗಾರರು ಈ ಚಿತ್ರವನ್ನು ತಿರಸ್ಕರಿಸಿದರು. ಇಂದು ಅದು ಪ್ಯಾರಿಸ್‌ನ ಓರ್ಸೇ ಮ್ಯೂಸಿಯಂನಲ್ಲಿದೆ.

ನೆರಳು ನೀಲಿಯಾಗಿರಲು ಸಾಧ್ಯವೇ? ವಿಜ್ಞಾನದ ವಿದ್ಯಾರ್ಥಿಗಳು ಯೋಚಿಸಬೇಕು. ಬೇಲಿ ತಡೆಯುವುದು ಸೂರ್ಯನ ನೇರ ಬೆಳಕನ್ನು ಮಾತ್ರ. ಸುತ್ತಲಿನ ಆಕಾಶದಿಂದ ಬರುವ ಬೆಳಕು ಅಲ್ಲಿ ಬೀಳುತ್ತಲೇ ಇರುತ್ತದೆ. ಗಾಳಿಯ ಅಣುಗಳು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಚದುರಿಸುವುದರಿಂದ ಆಕಾಶದ ಬೆಳಕು ನೀಲಿ. ಆ ಬೆಳಕು ಬಿದ್ದ ಬಿಳಿಯ ಹಿಮವೂ ನೀಲಿ.

ಇದನ್ನು ಪರೀಕ್ಷಿಸಲು ಹಿಮ ಬೇಕಿಲ್ಲ. ಮೋಡವಿಲ್ಲದ ದಿನ, ಬೆಳಿಗ್ಗೆ ಎಳೆಬಿಸಿಲಿನಲ್ಲಿ ಒಗೆದ ಬಿಳಿ ಪಂಚೆಯನ್ನು ಹರಡಿ, ಅದರ ಮೇಲೆ ಕೋಲಿನ ನೆರಳು ಬೀಳುವಂತೆ ಹಿಡಿಯಿರಿ. ಬಿಸಿಲು ಬಿದ್ದ ಭಾಗ ತುಸು ಹಳದಿ, ನೆರಳಿನ ಭಾಗ ತುಸು ನೀಲಿ. ‘ನೆರಳು ಕಪ್ಪು’ ಎಂಬ ಪಾಠವನ್ನು ಒಂದು ಗಳಿಗೆ ಮರೆತು ನೋಡಿದರೆ ಮಾತ್ರ ಇದು ಕಾಣುತ್ತದೆ.

ಚಳಿಗಾಲ ಮೋನೆಗೆ ಕೇವಲ ಅಂದದ ವಸ್ತುವಾಗಿರಲಿಲ್ಲ. 1879ರ ಸೆಪ್ಟೆಂಬರಿನಲ್ಲಿ, ಸೇನ್ ನದಿಯ ದಡದ ವೆತೈ ಎಂಬ ಹಳ್ಳಿಯಲ್ಲಿ ಆತನ ಹೆಂಡತಿ ಕಮೀಯ್ ಕಾಯಿಲೆಯಿಂದ ತೀರಿಕೊಂಡಳು. ಇಬ್ಬರು ಮಕ್ಕಳು, ಕೈಯಲ್ಲಿ ಹಣವಿಲ್ಲ. ಅದೇ ಚಳಿಗಾಲದಲ್ಲಿ ಸೇನ್ ನದಿ ಹೆಪ್ಪುಗಟ್ಟಿತು. 1880ರ ಜನವರಿಯಲ್ಲಿ ಮಂಜುಗಡ್ಡೆ ಒಡೆದು ಭಾರೀ ತುಂಡುಗಳಾಗಿ ತೇಲಿಹೋಯಿತು. ಮೋನೆ ಆ ಕೊರೆಯುವ ಚಳಿಯಲ್ಲಿ ಹೊಳೆಯ ದಡದಲ್ಲಿ ನಿಂತು, ಒಡೆದ ಮಂಜುಗಡ್ಡೆಯನ್ನೂ ಅದರ ನಡುವೆ ಕಾಣುವ ನೀರನ್ನೂ ಒಂದರ ಮೇಲೊಂದು ಚಿತ್ರಗಳಲ್ಲಿ ಬರೆದ. 1895ರಲ್ಲಿ, 54ನೆಯ ವಯಸ್ಸಿನಲ್ಲಿ, ಹಿಮವನ್ನು ನೋಡಲೆಂದೇ ನಾರ್ವೆಗೆ ಹೋದ. ಗಡ್ಡದ ತುಂಬ ಮಂಜಿನ ಕಡ್ಡಿಗಳು ಇಳಿಬಿದ್ದರೂ ಚಿತ್ರ ಬರೆಯುವುದನ್ನು ಬಿಡಲಿಲ್ಲ ಎಂದು ಅಲ್ಲಿಂದ ಗೆಳೆಯನಿಗೆ ಪತ್ರ ಬರೆದಿದ್ದ.

ಹೊಲದಲ್ಲಿ ನಿಂತ ಮೆದೆ

1883ರಲ್ಲಿ ಮೋನೆ ಜಿವರ್ನಿ ಎಂಬ ಹಳ್ಳಿಗೆ ಬಂದು ನೆಲೆಸಿದ. ಮನೆಯ ಹತ್ತಿರದ ಹೊಲದಲ್ಲಿ ಸುಗ್ಗಿಯ ನಂತರ ರೈತರು ಮೆದೆ ಒಟ್ಟುತ್ತಿದ್ದರು. ಇಂಗ್ಲಿಷ್ ಪುಸ್ತಕಗಳು ಇದನ್ನು ಹುಲ್ಲಿನ ಬಣವೆ ಎಂದು ಕರೆದರೂ, ಅದು ಒಣಹುಲ್ಲಲ್ಲ. ಒಕ್ಕಣೆಗೆ ಮುನ್ನ ತೆನೆಸಹಿತ ಒಟ್ಟಿದ ಪೈರು. ಒಕ್ಕಣೆಯ ಯಂತ್ರ ಊರಿಂದ ಊರಿಗೆ ಸುತ್ತಿ ಬರಬೇಕಿತ್ತು. ಸರದಿ ಬರುವವರೆಗೆ ಮೆದೆಗಳು ತಿಂಗಳುಗಟ್ಟಲೆ ಹಾಗೇ ನಿಲ್ಲುತ್ತಿದ್ದವು. ರೈತನಿಗೆ ಅದು ಕಾಯುವ ಕಾಲ, ಮೋನೆಗೆ ಚಿತ್ರದ ಕಾಲ.

ಮೊದಲಿಗೆ ಬಿಸಿಲಿಗೊಂದು, ಮೋಡಕ್ಕೊಂದು, ಎರಡು ಕ್ಯಾನ್ವಾಸ್ ಸಾಕೆಂದು ಆತ ಭಾವಿಸಿದ್ದ. ಆದರೆ ಬರೆಯುತ್ತಿದ್ದಂತೆಯೇ ಬೆಳಕು ಬದಲಾಯಿತು. ಮಲಮಗಳನ್ನು ಮನೆಗೆ ಕಳುಹಿಸಿ ಇನ್ನೊಂದು ಕ್ಯಾನ್ವಾಸ್ ತರಿಸಿದ, ಮತ್ತೆ ಬದಲಾಯಿತು, ಮತ್ತೊಂದು ತರಿಸಿದ. ಹೀಗೆ ಹಲವು ಚಿತ್ರಗಳನ್ನು ಒಟ್ಟಿಗೆ ಸಾಲಾಗಿಟ್ಟುಕೊಂಡು, ಯಾವ ಬೆಳಕು ಬಂದರೆ ಆ ಬೆಳಕಿನ ಚಿತ್ರವನ್ನಷ್ಟೇ ಮುಂದುವರಿಸುವುದು ಆತನ ಪದ್ಧತಿಯಾಯಿತು. 1890ರ ಬೇಸಿಗೆಯ ಕೊನೆಯಿಂದ 1891ರವರೆಗೆ ಸುಮಾರು 25 ಚಿತ್ರಗಳಾದವು. ಒಂದರಲ್ಲಿ ಮೆದೆ ಬೇಸಿಗೆಯ ಸಂಜೆಗೆ ಕೆಂಡದಂತಿದೆ, ಮತ್ತೊಂದರಲ್ಲಿ ತಲೆಯ ಮೇಲೆ ಹಿಮ ಹೊತ್ತು ನೇರಳೆಯಾಗಿದೆ, ಇನ್ನೊಂದರಲ್ಲಿ ಮುಂಜಾವಿನ ಮಂಜಿನಲ್ಲಿ ಕರಗಿದಂತಿದೆ. 1891ರ ಮೇ ತಿಂಗಳಲ್ಲಿ ಇವುಗಳಲ್ಲಿ 15ನ್ನು ಪ್ಯಾರಿಸ್‌ನಲ್ಲಿ ಒಟ್ಟಿಗೆ ಪ್ರದರ್ಶಿಸಲಾಯಿತು. ಈ ಸರಣಿಯ ಒಂದು ಚಿತ್ರ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಮೆದೆಯಲ್ಲಿದ್ದ ಗೋಧಿಯ ಬೆಲೆಗೂ ಆ ಬೆಲೆಗೂ ಇರುವ ವ್ಯತ್ಯಾಸ, ನೋಡುವ ಕಣ್ಣಿನ ಬೆಲೆ.

ಅದೇ ಮೆದೆ ಋತುವಿಗೊಂದು ಬಣ್ಣ ಏಕೆ ತಾಳುತ್ತದೆ? ಜಿವರ್ನಿ ಇರುವುದು ಸುಮಾರು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಜೂನ್ ಕೊನೆಯ ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 64 ಡಿಗ್ರಿ ಮೇಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನಲ್ಲೂ ಏರುವುದು ಸುಮಾರು 17 ಡಿಗ್ರಿ ಮಾತ್ರ. ಆಗ ಬಿಸಿಲು ವಾತಾವರಣದಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ದೂರ ಓರೆಯಾಗಿ ಸಾಗಿ ಬರಬೇಕು. ದಾರಿಯಲ್ಲಿ ನೀಲಿ ಬೆಳಕು ಚದುರಿಹೋಗಿ, ಉಳಿದ ಬಿಸಿಲು ಹೊಂಬಣ್ಣಕ್ಕೆ ತಿರುಗುತ್ತದೆ. ನೆರಳುಗಳು ಉದ್ದವಾಗುತ್ತವೆ. ಬೇಸಿಗೆಯ 16 ಗಂಟೆಯ ಹಗಲು ಚಳಿಗಾಲದಲ್ಲಿ 8 ಗಂಟೆ ಚಿಲ್ಲರೆಗೆ ಇಳಿಯುತ್ತದೆ. ಸೂರ್ಯ ಬೇಗ ಮುಳುಗುತ್ತಾನೆ, ತನ್ನ ಕೈ ಅವನ ವೇಗಕ್ಕೆ ಸಾಲುತ್ತಿಲ್ಲ ಎಂದು ಮೋನೆ 1890ರ ಅಕ್ಟೋಬರಿನಲ್ಲಿ ಗೆಳೆಯನಲ್ಲಿ ತೋಡಿಕೊಂಡದ್ದು ಸುಮ್ಮನೆ ಅಲ್ಲ.

ಮರ ಕಾಯಲಿಲ್ಲ

ಋತು ಯಾರಿಗಾಗಿಯೂ ಕಾಯುವುದಿಲ್ಲ. ಈ ಮಾತನ್ನು ಮೋನೆ ಒಂದು ಓಕ್ ಮರದಿಂದ ಕಲಿತ. 1889ರ ವಸಂತದ ಆರಂಭದಲ್ಲಿ ಆತ ಮಧ್ಯ ಫ್ರಾನ್ಸಿನ ಕ್ರೂಸ್ ನದಿಯ ಕಣಿವೆಯಲ್ಲಿದ್ದ. ಅಲ್ಲೊಂದು ಬೋಳು ಓಕ್ ಮರ. ಅದರ ಬರಿಯ ಕೊಂಬೆಗಳನ್ನೇ ಮುಖ್ಯವಾಗಿಟ್ಟುಕೊಂಡು ಚಿತ್ರ ಆರಂಭಿಸಿದ. ಮಳೆ, ಗಾಳಿ, ಮೋಡ ಸೇರಿ ವಾರಗಟ್ಟಲೆ ಕೆಲಸ ನಿಂತಿತು. ಮೇ ತಿಂಗಳಲ್ಲಿ ನೋಡಿದರೆ ಮರದ ತುಂಬ ಚಿಗುರು! ಚಳಿಗಾಲದ ಚಿತ್ರಕ್ಕೆ ವಸಂತದ ಮರ ಹೊಂದೀತೆ? ಕೊನೆಗೆ ಮರದ ಮಾಲಿಕನ ಒಪ್ಪಿಗೆ ಪಡೆದು, ಕಣಿವೆಗೆ ದೊಡ್ಡ ಏಣಿಗಳನ್ನು ಸಾಗಿಸಿ, ಇಬ್ಬರು ಆಳುಗಳಿಂದ ಎಲೆಗಳನ್ನೆಲ್ಲ ಕೀಳಿಸಿ ಚಿತ್ರ ಮುಗಿಸಿದ. ಓದಿದರೆ ನಗು ಬರುತ್ತದೆ. ಮರದ ಮೇಲೆ ಕನಿಕರವೂ ಹುಟ್ಟುತ್ತದೆ.

ಎರಡು ವರ್ಷಗಳ ನಂತರ ಇನ್ನೊಂದು ಪೇಚು. 1891ರಲ್ಲಿ ಎಪ್ತ್ ನದಿಯ ದಡದ ಪಾಪ್ಲರ್ ಮರಗಳ ಸಾಲನ್ನು ದೋಣಿಯಲ್ಲಿ ಕುಳಿತು ಬರೆಯತೊಡಗಿದ. ಕ್ಯಾನ್ವಾಸುಗಳನ್ನು ಸಾಲಾಗಿ ನಿಲ್ಲಿಸಲು ದೋಣಿಯಲ್ಲೇ ಗಾಡಿಗಳನ್ನು ಕೊರೆದು ಇಡಲಾಗಿತ್ತು. ಚಿತ್ರಗಳು ಅರ್ಧಕ್ಕೆ ಬಂದಿರುವಾಗ ಮರಗಳನ್ನು ಹರಾಜು ಹಾಕಲು ಲಿಮೆ ಎಂಬ ಊರಿನ ಪಂಚಾಯಿತಿ ನಿರ್ಧರಿಸಿತು. ಮೋನೆ ಮರದ ವ್ಯಾಪಾರಿಯೊಬ್ಬನ ಜತೆ ಒಪ್ಪಂದ ಮಾಡಿಕೊಂಡು, ಹರಾಜಿನ ಹಣದಲ್ಲಿ ತಾನೂ ಪಾಲು ಕೊಟ್ಟು, ಚಿತ್ರ ಮುಗಿಯುವವರೆಗೆ ಮರಗಳನ್ನು ಉಳಿಸಿಕೊಂಡ. ಹಸಿರೆಲೆಯ ಬೇಸಿಗೆಯಿಂದ ಎಲೆ ಹಳದಿಯಾಗುವ ಶರತ್ಕಾಲದವರೆಗೆ ಅವುಗಳನ್ನು ಬರೆದ. ಎಲೆಯಲ್ಲಿನ ಪತ್ರಹರಿತ್ತು ನಾಶವಾದಾಗ, ಅದುವರೆಗೆ ಅದರ ಮರೆಯಲ್ಲಿದ್ದ ಹಳದಿ ವರ್ಣದ್ರವ್ಯ ಹೊರಗೆ ಕಾಣುತ್ತದೆ ಎಂದು ಪಾಠದಲ್ಲಿ ಓದಿದ್ದೇವಲ್ಲ, ಅದೇ ಈ ಬದಲಾವಣೆ. ಈ ಚಿತ್ರಗಳಲ್ಲೊಂದಕ್ಕೆ ಬೇಕಾದ ಬೆಳಕು ದಿನಕ್ಕೆ ಏಳೇ ನಿಮಿಷ, ಒಂದು ಎಲೆಯ ಮೇಲಿನ ಬಿಸಿಲು ಸರಿಯುವವರೆಗೆ ಮಾತ್ರ ಸಿಗುತ್ತಿತ್ತು ಎಂದು ಆತನ ನೆರೆಯಲ್ಲಿದ್ದ ಅಮೆರಿಕದ ಚಿತ್ರಕಾರ್ತಿ ಲಿಲ್ಲಾ ಕ್ಯಾಬಟ್ ಪೆರಿ ದಾಖಲಿಸಿದ್ದಾರೆ.

ನಮ್ಮ ಋತುಗಳು

‘ಅಲ್ಲಿ ಹಿಮ ಬೀಳುತ್ತದೆ, ಎಲೆ ಬಂಗಾರವಾಗುತ್ತದೆ. ನಮ್ಮಲ್ಲಿ ಏನಿದೆ?’ ಎಂದು ಮಕ್ಕಳು ಕೇಳಬಹುದು. ನಿಜ, ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೆ. ಡಿಸೆಂಬರಿನಲ್ಲೂ ಮಧ್ಯಾಹ್ನದ ಸೂರ್ಯ 53 ಡಿಗ್ರಿಯಷ್ಟು ಎತ್ತರದಲ್ಲಿರುತ್ತಾನೆ. ಆದರೆ ನಮ್ಮ ಋತುಗಳನ್ನು ಬರೆಯುವುದು ಸೂರ್ಯನಿಗಿಂತ ಹೆಚ್ಚಾಗಿ ಮಳೆ. ಏಪ್ರಿಲಿನ ಧೂಳು ತುಂಬಿದ ಬಿಳಿಚು ಆಕಾಶ, ಮೊದಲ ಮಳೆಗೆ ಕಪ್ಪೇರಿದ ಮಣ್ಣು, ಆಷಾಢದ ಬೂದು ಬೆಳಕು, ಮಳೆ ತೊಳೆದ ಅಕ್ಟೋಬರಿನ ಅಚ್ಚ ನೀಲಿ, ಧನುರ್ಮಾಸದ ಮಂಜು. ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರು (1886-1965) 1926ರಲ್ಲಿ ಊಟಿಯ ಮೋಡ, ಸರೋವರ, ಬೆಳದಿಂಗಳುಗಳನ್ನು ಜಲವರ್ಣದಲ್ಲಿ ಬರೆದಾಗ ಕಂಡದ್ದು ಇಂಥ ಬೆಳಕನ್ನೇ.

ವಿದ್ಯಾರ್ಥಿಗಳು ಹೀಗೆ ಮಾಡಿ ನೋಡಬಹುದು. ಮನೆಯ ಕಿಟಕಿಯಿಂದ ಕಾಣುವ ಒಂದು ಮರವನ್ನು ಆರಿಸಿಕೊಳ್ಳಿ. ಹೊಂಗೆ, ಅರಳಿ, ಬೇವು, ಯಾವುದಾದರೂ ಆದೀತು. ಪ್ರತಿ ತಿಂಗಳ ಮೊದಲ ಭಾನುವಾರ, ಅದೇ ಸಮಯಕ್ಕೆ, ಅದೇ ಜಾಗದಲ್ಲಿ ಕುಳಿತು ಬಣ್ಣದ ಪೆನ್ಸಿಲಿನಿಂದ ಅರ್ಧ ಗಂಟೆ ಅದನ್ನು ಬರೆಯಿರಿ. ಕೆಳಗೆ ದಿನಾಂಕ, ಗಂಟೆ, ಮೋಡವಿತ್ತೇ ಬಿಸಿಲಿತ್ತೇ ಎಂದು ಗುರುತು ಹಾಕಿ. ನೆರಳು ಯಾವ ಕಡೆಗೆ ಬಿದ್ದಿತ್ತು, ಎಷ್ಟು ಉದ್ದವಿತ್ತು ಎಂಬುದೂ ಇರಲಿ. ಯುಗಾದಿಯ ಹೊತ್ತಿನ ಚಿಗುರಿನ ಹಸಿರೂ ಶ್ರಾವಣದ ಹಸಿರೂ ಒಂದೇ ಪೆನ್ಸಿಲಿನಲ್ಲಿ ಬರುವುದಿಲ್ಲ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ತಂದೆತಾಯಿಯರಲ್ಲಿ ಒಂದು ಮನವಿ. ಈ ಚಿತ್ರಗಳಿಗೆ ಅಂಕ ಕೊಡಬೇಡಿ, ಸ್ಪರ್ಧೆಗೆ ಕಳುಹಿಸುವ ಆತುರವೂ ಬೇಡ. ‘ಇದರಿಂದ ಪರೀಕ್ಷೆಗೆ ಏನು ಉಪಯೋಗ?’ ಎನ್ನುವವರಿಗೆ ಒಂದು ಮಾತು: ಇದ್ದದ್ದನ್ನು ಇದ್ದಂತೆ ನೋಡುವುದು, ಅದನ್ನು ದಿನಾಂಕ ಹಾಕಿ ದಾಖಲಿಸುವುದು, ನೋಡಿದ್ದಕ್ಕೂ ಪುಸ್ತಕ ಹೇಳಿದ್ದಕ್ಕೂ ತಾಳೆ ಹಾಕುವುದು, ವಿಜ್ಞಾನವೆಂದರೂ ಇಷ್ಟೇ. ಮೋನೆ ಇದನ್ನು ಕುಂಚ ಹಿಡಿದು ಮಾಡಿದ. ವರ್ಷದ ಕೊನೆಗೆ ಹನ್ನೆರಡು ಹಾಳೆಗಳನ್ನು ಗೋಡೆಯ ಮೇಲೆ ಸಾಲಾಗಿ ಅಂಟಿಸಿ, ಮಗುವಿನ ಪಕ್ಕದಲ್ಲಿ ನಿಂತು ನೋಡಿ. ದಿನವೂ ಎದುರಿಗಿದ್ದ ಮರವನ್ನು ಮನೆಮಂದಿಯೆಲ್ಲ ಅಂದು ಮೊದಲ ಸಲ ನೋಡಿದಂತಾಗುತ್ತದೆ.