ತಂತಿ ತಿಂದ ಲೋಹ

ಬೆಂಗಳೂರಿನ ಬಳೇಪೇಟೆಯಲ್ಲಿ ತಬಲಾ, ಹಾರ್ಮೋನಿಯಂ, ವೀಣೆ ಜೋಡಿಸಿಟ್ಟ ಅಂಗಡಿಗಳ ನಡುವೆ ಒಬ್ಬರೇ ಹತ್ತಬಹುದಾದ ಕಡಿದಾದ ಏಣಿಯೊಂದಿದೆ. ಹತ್ತಿದರೆ ರಿಪೇರಿ ಕೋಣೆ. ಕಿಟಕಿಗೆ ಒತ್ತಿಕೊಂಡ ಉದ್ದನೆಯ ಮೇಜು. ಅದರ ಒಂದು ತುದಿಯಲ್ಲಿ ಗಿಟಾರ್‌ಗಳು, ಇನ್ನೊಂದು ತುದಿಯಲ್ಲಿ ಮೇಳ ಕಟ್ಟಿಸಿಕೊಳ್ಳಲು, ಎಂದರೆ ಮೆಟ್ಟಿಲು ಕೂರಿಸಿಕೊಳ್ಳಲು, ಬಂದ ವೀಣೆಗಳು. ಲೋಹ ಹೇಗೆ ಸವೆಯುತ್ತದೆ ಎಂದು ಕಣ್ಣಾರೆ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಮೇಜಿನ ಮೇಲಿರುವುದು ಆರ್ಕೆಸ್ಟ್ರಾದಲ್ಲಿ ನುಡಿಸುವ ಹುಡುಗನ ಎಲೆಕ್ಟ್ರಿಕ್ ಗಿಟಾರ್. "ಎರಡನೇ ಫ್ರೆಟ್ಟಲ್ಲಿ ಚರ್ ಅನ್ನುತ್ತೆ ಅಣ್ಣಾ, ಮೇಲೆ ಹೋದ್ರೆ ಶ್ರುತಿ ನಿಲ್ಲಲ್ಲ" ಎಂಬುದು ಅವನ ದೂರು. ರಿಪೇರಿಯವರು ತಂತಿ ಬಿಚ್ಚಿ, ಬೆರಳಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ಮೇಲೆ ದೀಪವನ್ನು ಓರೆಯಾಗಿ ಹಿಡಿದರು. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ, ಸಣ್ಣ ತಂತಿಗಳು ಹಾಯುವ ಕಡೆ, ಉಗುರಿಗೆ ಸಿಕ್ಕುವಷ್ಟು ತಗ್ಗು. ಹನ್ನೆರಡನೆಯದರ ಸುತ್ತಮುತ್ತ ತಗ್ಗಿಲ್ಲ, ಅಲ್ಲಿ ತಲೆಯೇ ಚಪ್ಪಟೆ. ತಂತಿಯನ್ನು ಅಡ್ಡಕ್ಕೆ ಎಳೆದೆಳೆದು ಸ್ವರ ಏರಿಸಿದ್ದರ ಫಲ ಅದು.

ಎರಡು ಬಗೆಯ ಸವೆತಕ್ಕೆ ಎರಡು ಬಗೆಯ ತೊಂದರೆ. ತಗ್ಗಿಗೆ ಇಳಿದ ತಂತಿ ಮುಂದಿನ ಫ್ರೆಟ್ಟಿಗೆ ತಾಗಿ ಚರಗುಟ್ಟುತ್ತದೆ. ಚಪ್ಪಟೆಯಾದಲ್ಲಿ ತಂತಿ ಫ್ರೆಟ್ಟಿನ ನಡುನೆತ್ತಿಯನ್ನು ಬಿಟ್ಟು ಕುದುರೆಯ (ಬ್ರಿಡ್ಜ್) ಕಡೆಯ ಅಂಚಿನಿಂದ ಹೊರಡುತ್ತದೆ. ನುಡಿಯುವ ಉದ್ದ ಕೂದಲೆಳೆಯಷ್ಟು ಕಡಿಮೆಯಾಗಿ ಸ್ವರ ತುಸು ಏರುತ್ತದೆ. ಒಂದೊಂದು ಫ್ರೆಟ್ಟಿಗೂ ತಂತಿಯ ಉದ್ದವನ್ನು ಸುಮಾರು 1.0595ರಿಂದ ಭಾಗಿಸುತ್ತಾ ಹೋಗಿ ಮರದಲ್ಲಿ ಸೀಳು ಕೊರೆದಿರುತ್ತಾರೆ. ಅಷ್ಟು ಲೆಕ್ಕ ಹಾಕಿ ಕೂರಿಸಿದ್ದನ್ನು ಸವೆತ ಸದ್ದಿಲ್ಲದೆ ಕೆಡಿಸುತ್ತದೆ.

ಇಲ್ಲಿ ಸೋಲುವುದು ಫ್ರೆಟ್ಟೇ. ಹೆಚ್ಚಿನ ಗಿಟಾರ್‌ಗಳಲ್ಲಿರುವುದು ನಿಕ್ಕಲ್ ಸಿಲ್ವರ್, ಅಂದರೆ ತಾಮ್ರ, ಸತು ಮತ್ತು ಸುಮಾರು ಶೇಕಡ 18 ನಿಕ್ಕಲ್. ನಮ್ಮ ಮನೆಗಳ ಜರ್ಮನ್ ಸಿಲ್ವರ್ ಪೂಜಾ ತಟ್ಟೆಯೂ ಇದೇ ಬಳಗದ್ದು. ವಜ್ರದ ಮೊನೆಯನ್ನು ಲೋಹಕ್ಕೆ ಒತ್ತಿ, ಬಿದ್ದ ಗುರುತನ್ನು ಅಳೆಯುವ ವಿಕರ್ಸ್ ಪರೀಕ್ಷೆಯಲ್ಲಿ ಇದರ ಗಡಸುತನ ಸುಮಾರು 200. ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್ 300ರ ಆಸುಪಾಸು. ನಡುವೆ 250ರ ಹತ್ತಿರ ಇರುವುದು ಇವೋ ಎಂಬ ಹೊಂಬಣ್ಣದ ಬೆರಕೆ ಲೋಹ. ತಾಮ್ರಕ್ಕೆ ತವರ, ಚೂರು ಕಬ್ಬಿಣ, ಟೈಟೇನಿಯಂ ಸೇರಿಸಿ ಮಾಡಿದ್ದು. ನಿಕ್ಕಲ್ ತಾಗಿದರೆ ಚರ್ಮ ತುರಿಸುವವರಿಗೆ ಇದು ವರವೇ ಸರಿ. ಆದರೆ ಅತ್ತ ಬರಿಯ ಉಕ್ಕಿನ ತಂತಿಯ ಗಡಸುತನ ನಿಕ್ಕಲ್ ಸಿಲ್ವರ್‌ನ ಎರಡು ಪಟ್ಟಿಗೂ ಮೀರಿದ್ದು. ಯಾವ ಫ್ರೆಟ್ ಹಾಕಿದರೂ ಗಡಸು ತಂತಿಯದೇ. ನಾವು ಕೊಳ್ಳುವುದು ಕಾಲಾವಕಾಶವನ್ನು ಮಾತ್ರ.

ರಿಪೇರಿಯವರು ಕಪ್ಪು ಮಾರ್ಕರ್‌ನಿಂದ ಎಲ್ಲ ಫ್ರೆಟ್‌ಗಳ ನೆತ್ತಿಗೂ ಬಳಿದರು. ತಳಕ್ಕೆ ಎಮರಿ ಕಾಗದ ಅಂಟಿಸಿದ ನೇರ ಪಟ್ಟಿಯನ್ನು ಅವುಗಳ ಮೇಲೆ ಹಗುರಾಗಿ ಆಡಿಸಿದರು. ಎತ್ತರವಿದ್ದ ಕಡೆ ಕಪ್ಪು ಅಳಿಸಿ ಲೋಹ ಬೆಳಗಿತು, ತಗ್ಗಿನಲ್ಲಿ ಶಾಯಿ ಹಾಗೇ ಉಳಿಯಿತು. ಆ ಶಾಯಿ ಹೋಗುವವರೆಗೆ ಉಳಿದದ್ದನ್ನೆಲ್ಲ ತಗ್ಗಿಸಬೇಕು. ಆಮೇಲೆ ಮತ್ತೆ ಬಳಿದು, ಒಳಬಾಗಿದ ಅರದಿಂದ ಎರಡೂ ಮಗ್ಗುಲು ಉಜ್ಜುತ್ತಾರೆ. ನೆತ್ತಿಯ ನಟ್ಟನಡುವೆ ದಾರದಷ್ಟು ಕಪ್ಪು ಗೆರೆ ಉಳಿದಾಗ ಅರ ನಿಲ್ಲುತ್ತದೆ. ಆ ಗೆರೆಯೇ ತಂತಿ ಕೂರುವ ಜಾಗ. ಇದನ್ನು ಹತ್ತಿರದಿಂದ ನೋಡಿದವರು ಫ್ರೆಟ್ ಕೆಲಸವನ್ನು ಯಂತ್ರದ ಕೆಲಸ ಎನ್ನಲಾರರು.

ಹೊಸ ಫ್ರೆಟ್ಟಿನ ಎತ್ತರವೇ ಒಂದು, ಒಂದೂವರೆ ಮಿಲಿಮೀಟರಿನೊಳಗೆ. ಹಾಗಾಗಿ ಇಂಥ ಉಜ್ಜಾಟ ಎರಡು ಮೂರು ಸಲಕ್ಕೆ ಮುಗಿಯಿತು. ನಂತರ ಕಿತ್ತು ಹೊಸದು ಹಾಕಬೇಕು.

"ಸ್ಟೀಲೇ ಹಾಕಿಬಿಡಿ ಅಣ್ಣಾ" ಎಂದ ಹುಡುಗ. ರಿಪೇರಿಯವರು ಮಾತಾಡದೆ ಬಾಯಿ ಮುಕ್ಕಾದ ಕಟರ್ ಒಂದನ್ನು ಎತ್ತಿ ತೋರಿಸಿದರು. ಸ್ಟೇನ್‌ಲೆಸ್ ಫ್ರೆಟ್ ತಂತಿಯನ್ನು ಕತ್ತರಿಸಿ ಕತ್ತರಿಸಿ ಆದದ್ದು. ಬೆರಳಹಲಗೆಯ ಬಾಗಿಗೆ ತಕ್ಕಂತೆ ಬಗ್ಗಿಸಿದರೂ ಅದು ಹಿಂದಕ್ಕೆ ಚಿಮ್ಮುತ್ತದೆ. ಮೊದಲೇ ಸ್ವಲ್ಪ ಹೆಚ್ಚು ಬಗ್ಗಿಸದಿದ್ದರೆ ತುದಿಗಳು ಎದ್ದುಕೊಳ್ಳುತ್ತವೆ. ಅರ ಬೇಗ ಮೊಂಡಾಗುತ್ತದೆ, ಪಾಲಿಷ್‌ಗೆ ದುಪ್ಪಟ್ಟು ಹೊತ್ತು ಬೇಕು. ಕೂಲಿ ಹೆಚ್ಚು ಕೇಳುವುದು ಅದಕ್ಕೇ, ಮತ್ತು ಅದು ನ್ಯಾಯವೇ. ಸ್ಟೀಲ್ ಹಾಕಿದರೆ ನಾದ ಒರಟಾಗುತ್ತದೆ ಎನ್ನುವವರಿದ್ದಾರೆ. ಪಕ್ಕದಲ್ಲೇ ಇದ್ದ, ಸ್ಟೀಲ್ ಫ್ರೆಟ್ ಹಾಕಿದ ಇನ್ನೊಂದು ಗಿಟಾರನ್ನು ಆಂಪ್ಲಿಫೈಯರ್‌ಗೆ ಹಾಕಿ ಕೇಳಿದೆ, ನನ್ನ ಕಿವಿಗೆ ಆ ಒರಟು ಸಿಗಲಿಲ್ಲ. ಎಳೆದಾಗ ಬೆರಳಿಗೆ ಸಿಗುವ ನುಣುಪು ಮಾತ್ರ ನಿಜ.

ಮೇಜಿನ ಆ ತುದಿಯಲ್ಲಿ ಬೇರೆಯೇ ವ್ಯವಸ್ಥೆ. ವೀಣೆಯ ಫ್ರೆಟ್‌ಗಳಾದ 24 ಮೆಟ್ಟಿಲುಗಳು ಮರದಲ್ಲಿ ಹೂತಿಲ್ಲ, ಇದ್ದಿಲ ಪುಡಿ ಕಲಸಿದ ಜೇನುಮೇಣದ ಮೇಲೆ ಕೂತಿವೆ. ಗಮಕಕ್ಕೆಂದು ಸಾರಣಿ ಎಂಬ ಮುಖ್ಯ ತಂತಿಯನ್ನು ಎಳೆಯುವ ದೂರ ಗಿಟಾರಿನವರ ಎಳೆತಕ್ಕೆ ಏನೂ ಕಡಿಮೆಯಲ್ಲ. ಹಾಗಾಗಿ ಗೆರೆ ಇಲ್ಲೂ ಬೀಳುತ್ತದೆ. ಆದರೆ ಮೇಣ ಬಿಸಿ ಮಾಡಿದರೆ ಮೆಟ್ಟಿಲು ಕೈಗೆ ಬರುತ್ತದೆ. ಉಜ್ಜಿ, ಹೊಳಪು ಕೊಟ್ಟು, ಕಿವಿಗೆ ಸರಿ ಕಂಡ ಕಡೆ ಮತ್ತೆ ಕೂರಿಸಬಹುದು. ಸವೆದದ್ದನ್ನು ಸಲೀಸಾಗಿ ಬಿಚ್ಚಬಹುದಾದರೆ ಲೋಹದ ಗಡಸುತನ ಅಷ್ಟು ದೊಡ್ಡ ಚಿಂತೆಯಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಗಿಟಾರಿನಲ್ಲಿ ಕೀಳುವಾಗ ಸೋಲ್ಡರಿಂಗ್ ಐರನ್‌ನಿಂದ ಕಾಯಿಸಿ ಎಷ್ಟು ನಾಜೂಕಾಗಿ ಎತ್ತಿದರೂ ಮರ ಚಕ್ಕೆ ಏಳುವ ಭಯ ಇದ್ದದ್ದೇ. ದಿನವೂ ಎಳೆದು ನುಡಿಸುವವರಿಗೆ ಸ್ಟೀಲ್ ಸರಿ ಎನ್ನುವುದು ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ಎತ್ತಿಕೊಳ್ಳುವವರಿಗೆ ನಿಕ್ಕಲ್ ಸಿಲ್ವರ್ ಧಾರಾಳ ಸಾಕು.

ರಿಪೇರಿಯವರು ಅಳೆದು ನೋಡಿದರು. "ಈಗ ಉಜ್ಜಿ ಕೊಡ್ತೀನಿ, ಇನ್ನೊಂದು ಸಲಕ್ಕೆ ಲೋಹ ಇದೆ. ಗಣೇಶನ ಪ್ರೋಗ್ರಾಂ ಎಲ್ಲಾ ಮುಗಿಸ್ಕೊಂಡು ಬಾ, ಆಗ ಪೂರ್ತಿ ಸ್ಟೀಲ್ ಹಾಕೋಣ" ಎಂದರು. ಹುಡುಗ ಅಡ್ವಾನ್ಸ್ ಎಷ್ಟು ಎಂದು ಕೇಳಿದ.