ಹಳೆಯ ಡೋಜರಿನ ರಿಪೇರಿ

ಬುಲ್ಡೋಜರ್ ಮೊದಲು ಸವೆಯುವುದು ಕಾಲಲ್ಲಿ. ನೆಲಕ್ಕೆ ಹಾಸಿಕೊಂಡು ಸುತ್ತುವ ಚೈನು, ಅದರ ಮೇಲೆ ಯಂತ್ರದ ಭಾರ ಹೊತ್ತು ಉರುಳುವ ರೋಲರುಗಳು, ಮುಂದಿನ ಐಡ್ಲರ್ ಚಕ್ರ, ಹಿಂದಿನ ಹಲ್ಲುಚಕ್ರ, ಇವಿಷ್ಟೂ ಸೇರಿದರೆ ಅಂಡರ್‌ಕ್ಯಾರೇಜ್. ಡೋಜರಿನ ಆಯುಸ್ಸಿನುದ್ದಕ್ಕೂ ರಿಪೇರಿಗೆ ಸುರಿಯುವ ಹಣದಲ್ಲಿ ಸುಮಾರು ಅರ್ಧ ಇದೇ ನುಂಗುತ್ತದೆ. ಮರಳು, ಕಲ್ಲುಪುಡಿ ಕೂಡಿದ ನೆಲದಲ್ಲಿ ಸವೆತ ಇನ್ನೂ ಬೇಗ.

ಕರ್ನಾಟಕದಲ್ಲಿ ದುಡಿಯುವ ಹಳೆಯ ಡೋಜರುಗಳಲ್ಲಿ ಅನೇಕವು ಇಲ್ಲಿಯೇ ಹುಟ್ಟಿದವು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ (ಹಿಂದಿನ ಭಾರತ್ ಅರ್ಥ್ ಮೂವರ್ಸ್) ಕೆಜಿಎಫ್ ಕಾರ್ಖಾನೆಯಲ್ಲಿ ಜಪಾನಿನ ಕೊಮಾಟ್ಸು ಕಂಪನಿಯ ತಾಂತ್ರಿಕ ಸಹಯೋಗದಿಂದ ಡಿ50, ಡಿ80, ಡಿ155 ಮಾದರಿಗಳನ್ನು ತಯಾರಿಸಿತು. ಮಾದರಿ ಹಳೆಯದಾದರೂ ಬಿಡಿಭಾಗ ದೇಶದೊಳಗೇ ಸಿಗುವುದು ಇವುಗಳನ್ನು ಕೆಲಸದಲ್ಲಿ ಉಳಿಸಿದೆ.

ಚೈನಿನ ಕೊಂಡಿಗಳನ್ನು ಜೋಡಿಸುವುದು ಪಿನ್ನು ಮತ್ತು ಅದನ್ನು ಸುತ್ತಿದ ಕೊಳವೆಯಂಥ ಬುಷ್ಷು. ಹಲ್ಲುಚಕ್ರ ಬುಷ್ಷನ್ನು ಸದಾ ಒಂದೇ ಮಗ್ಗುಲಲ್ಲಿ ಒತ್ತುವುದರಿಂದ ಆ ಮಗ್ಗುಲು ತೆಳ್ಳಗಾಗುತ್ತದೆ, ಪಿನ್ನೂ ಹಾಗೆಯೇ. ಕೊಂಡಿಯಿಂದ ಕೊಂಡಿಗೆ ಅಂತರ ಹಿಗ್ಗಿ ಚೈನು ಜೋಲುತ್ತದೆ, ಹಲ್ಲು ಚೂಪಾಗುತ್ತದೆ. ಬುಷ್ಷು ತೂತಾಗುವ ಮುನ್ನವೇ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಎರಡನ್ನೂ ಹೊರದೂಡಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿದರೆ ಸವೆಯದ ಮಗ್ಗುಲು ಎದುರಿಗೆ ಬರುತ್ತದೆ. ಈ ಒಂದು ಕೆಲಸವನ್ನು ಸಮಯಕ್ಕೆ ಮಾಡಿಸಿದ ಮಾಲೀಕ ಹೊಸ ಚೈನಿನ ಖರ್ಚನ್ನು ಬಹಳ ದೂರ ತಳ್ಳಿದಂತೆ. ತಡಮಾಡಿದರೆ ತಿರುಗಿಸಲು ಏನೂ ಉಳಿದಿರುವುದಿಲ್ಲ. ಚೈನಿನ ಹೊರಮೈಯಲ್ಲಿ ನೆಲ ಕಚ್ಚುವ ಪಟ್ಟಿಗಳು ಸವೆದರೆ ಅವಕ್ಕೆ ಉಕ್ಕಿನ ಏಣನ್ನು ವೆಲ್ಡ್ ಮಾಡುವುದುಂಟು. ಬ್ಲೇಡಿನ ತುದಿಗೆ ಬೋಲ್ಟ್ ಮಾಡಿದ ಕಟಿಂಗ್ ಎಡ್ಜನ್ನೂ ತಲೆಕೆಳಗು ಮಾಡಿ ಎರಡು ಸಲ ದುಡಿಸಬಹುದು.

ಚೈನಿನ ಬಿಗಿ ಗ್ರೀಸಿನ ಕೈಯಲ್ಲಿದೆ. ಗ್ರೀಸ್ ಗನ್ನಿನಿಂದ ಒತ್ತಿದರೆ ಐಡ್ಲರ್ ಮುಂದಕ್ಕೆ ಸರಿದು ಚೈನು ಬಿಗಿಯಾಗುತ್ತದೆ. ಅನೇಕ ಮಾದರಿಗಳಲ್ಲಿ ಚೈನಿನ ಮೇಲ್ಭಾಗವನ್ನು ಹೊರುವ ಮೇಲಿನ ರೋಲರಿಗೂ ಐಡ್ಲರಿಗೂ ನಡುವೆ 20ರಿಂದ 30 ಮಿಲಿಮೀಟರ್ ಜೋಲು ಇರಬೇಕು. ಬಿಗಿ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಬಿಗಿದ ಚೈನೇ ಬೇಗ ಸವೆಯುತ್ತದೆ. ಸಡಿಲಿಸುವಾಗ ಗ್ರೀಸ್ ಹೊರಬಿಡುವ ಪ್ಲಗ್ಗನ್ನು ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬಾರದು. ಒಳಗಿನ ಒತ್ತಡಕ್ಕೆ ಚಿಮ್ಮುವ ಗ್ರೀಸ್ ಚರ್ಮವನ್ನೇ ಸೀಳಿ ಒಳಹೊಗುತ್ತದೆ.

ಎಂಜಿನ್ನಿನ ಕೆಲಸ ಲಾರಿ ಮೆಕ್ಯಾನಿಕ್‌ಗಳಿಗೂ ಪರಿಚಿತ. ಭಾರೀ ಡೀಸೆಲ್ ಎಂಜಿನ್ನುಗಳ ಸಿಲಿಂಡರ್ ಲೈನರುಗಳನ್ನು ಕಿತ್ತು ಹೊಸದು ಹಾಕಬಹುದಾದ್ದರಿಂದ ಬ್ಲಾಕು ಎಸೆಯಬೇಕಿಲ್ಲ. ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿ ಆ ಅಳತೆಯ ಬೇರಿಂಗ್ ಕೂರಿಸುತ್ತಾರೆ. ಡೋಜರ್ ಒಂದು ಕಡೆಗೆ ತಿರುಗದಿದ್ದರೆ ಸಂಶಯ ಆ ಬದಿಯ ಸ್ಟಿಯರಿಂಗ್ ಕ್ಲಚ್ಚು, ಬ್ರೇಕುಗಳ ಮೇಲೆ. ಎತ್ತಿ ನಿಲ್ಲಿಸಿದ ಬ್ಲೇಡು ತಾನಾಗಿ ಕೆಳಗಿಳಿದರೆ ಹೈಡ್ರಾಲಿಕ್ ಸಿಲಿಂಡರಿನ ಸೀಲು ಅಥವಾ ವಾಲ್ವು ಸೋರುತ್ತಿದೆ ಎಂದರ್ಥ.

ಕೊಳ್ಳೇಗಾಲದ ಕುಂತೂರಿನಂಥ ಕಡೆ ಗದ್ದೆ ಮಟ್ಟ ಮಾಡುವುದು, ಕಾಲುವೆ ತೋಡುವುದು ಈಗ ಹೆಚ್ಚಾಗಿ ಜೆಸಿಬಿಯ ಪಾಲು. ಟೈರಿನ ಮೇಲೆ ಅದು ತಾನೇ ಊರಿಂದೂರಿಗೆ ಓಡುತ್ತದೆ. ಚೈನಿನ ಡೋಜರನ್ನು ಟಾರು ರಸ್ತೆಗೆ ಇಳಿಸುವಂತಿಲ್ಲ, ಟ್ರೈಲರ್ ಬೇಕು. ಹೀಗಾಗಿ ಕೆಟ್ಟರೆ ಮೆಕ್ಯಾನಿಕ್ಕೇ ಉಪಕರಣ ಹೊತ್ತು ಹೊಲಕ್ಕೋ ಕ್ವಾರಿಗೋ ಬರಬೇಕು. ಆದರೂ ದೊಡ್ಡ ಮಣ್ಣುರಾಶಿ ತಳ್ಳುವಾಗ, ಚಾಮರಾಜನಗರ ಜಿಲ್ಲೆಯ ಕರಿಕಲ್ಲು ಕ್ವಾರಿಗಳಂಥ ಕಡೆ ಮೇಲ್ಮಣ್ಣು ಸರಿಸುವಾಗ ಡೋಜರಿನ ತಳ್ಳುಬಲ ಜೆಸಿಬಿಗೆ ಬರುವುದಿಲ್ಲ.

ಮುಖ್ಯ ಚೌಕಟ್ಟು ಮತ್ತೆ ಮತ್ತೆ ಬಿರುಕುಬಿಟ್ಟು ಬೆಸುಗೆ ನಿಲ್ಲದಾದಾಗ ರಿಪೇರಿಗೆ ಹಣ ಹಾಕುವುದು ದಂಡ. ಅಂಥ ಯಂತ್ರ ಗುಜರಿ ಸೇರುವ ಮುನ್ನ ಅದರ ರೋಲರು, ಗೇರು, ಪಂಪುಗಳು ಅದೇ ಮಾದರಿಯ ಮತ್ತೊಂದು ಡೋಜರಿಗೆ ಹೋಗುತ್ತವೆ.