ಪಿರಿಯಾಪಟ್ಟಣದ ಖಡ್ಗ

ರಣಧೀರ ಕಂಠೀರವ ನರಸರಾಜ ಒಡೆಯರ ಖಡ್ಗದ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಪಟ್ಟವೇರುವ ಮುನ್ನ ಅವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ತೆರಳಿ, ಊರ ಬಾಗಿಲಿಗೆ ಚಲ್ಲಣ ಕಟ್ಟಿ ಮೆರೆಯುತ್ತಿದ್ದ ಜಟ್ಟಿಯನ್ನು ಕತ್ತಿಕಾಳಗದಲ್ಲಿ ಕೆಡವಿ ಮರಳಿದರಂತೆ. ಐತಿಹ್ಯವೇ ಇರಬಹುದು, ಕೇಳಲು ಸೊಗಸು. 1960ರ ಚಲನಚಿತ್ರದಲ್ಲಿ ರಾಜಕುಮಾರ್ ಅವರೇ ರಣಧೀರರಾದರು.

ಇನ್ನೊಂದು ಖಡ್ಗಕ್ಕೆ ಅಂಥ ಭಾಗ್ಯವಿಲ್ಲ. ಅದು ಚೆಂಗಾಳ್ವರ ಪಿರಿಯಾಪಟ್ಟಣದ ದೊರೆ ವೀರರಾಜನದು. 1644ರಲ್ಲಿ ಇದೇ ಒಡೆಯರ ಸೇನೆ ಆ ಕೋಟೆಯನ್ನು ಮುತ್ತಿತು. ಇನ್ನು ಉಳಿಗಾಲವಿಲ್ಲವೆಂದು ಕಂಡಾಗ ವೀರರಾಜನು ಮೊದಲು ಕೊಂದದ್ದು ಹಗೆಗಳನ್ನಲ್ಲ, ತನ್ನ ಮಡದಿಯರನ್ನೂ ಮಕ್ಕಳನ್ನೂ ಎಂದು ಚರಿತ್ರಕಾರರು ಬರೆದಿದ್ದಾರೆ. ಇದನ್ನು ಶೌರ್ಯವೆಂದು ಕೊಂಡಾಡುವವರುಂಟು. ಆ ಮಕ್ಕಳನ್ನು ಕೇಳಿದವರಾರು? ಬಳಿಕ ಅವನೂ ಹೋರಾಡುತ್ತಲೇ ಮಡಿದ. ಪಟ್ಟಣ ಮೈಸೂರಿನ ವಶವಾಯಿತು.